ವಿಜ್ಞಾನದ ಬಾಯಾರು ಮತ್ತು ಸುರಂಗದ ಹಸಿರು ಹರಳು

ಬಾಯಾರ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಸೇರಿ ಅವರನ್ನು ಬೆಣ್ಣೆಯಂಥ ಹೆಂಗಸು ಮಾಡಿಬಿಟ್ಟರು. ಒಬ್ಬರು ಇರುವೆಗೂ ನೋವು ಮಾಡದ ಜೀವ ಎಂದರು. ಇನ್ನೊಬ್ಬರು ಯಾರ ಮೇಲೂ ಒಂದು ದಿನ ಸಿಟ್ಟಾಗಲಿಲ್ಲ ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಸೆರಗಿನ ಅಂಚು ತಿರುಚುತ್ತಿದ್ದೆ. ಇರುವೆಯ ಮಾತೇನೋ ನಿಜ. ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುತ್ತಿರಲಿಲ್ಲ, ಸೋಸದ ನೀರು ಕುಡಿಯುತ್ತಿರಲಿಲ್ಲ. ಮನುಷ್ಯರ ವಿಷಯ ಮಾತ್ರ ಬೇರೆ. ನಾನು ಕಂಡವರಲ್ಲಿ ಅವರಷ್ಟು ಹಟದಿಂದ ಸೇಡು ಇಟ್ಟುಕೊಂಡವರು ಇನ್ನೊಬ್ಬರಿಲ್ಲ. ದೂರುವುದಕ್ಕೆಂದು ಈ ಮಾತು ಹೇಳುತ್ತಿಲ್ಲ. ಸತ್ತವರನ್ನು ನೆನೆಯುವುದಾದರೆ ಅವರನ್ನೇ ನೆನೆಯಬೇಕು, ಅವರ ಹೆಸರಿನ ಬೇರೆ ಯಾರನ್ನೋ ಅಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ನಾವಿಬ್ಬರೂ ಒಂದೇ ವರ್ಷ ಚಿಕ್ಕೋಡಿಯ ಹುಡುಗಿಯರ ಹೈಸ್ಕೂಲಿಗೆ ಶಿಕ್ಷಕಿಯರಾಗಿ ಸೇರಿದೆವು. ನಾನು ಕನ್ನಡ, ಅವರು ವಿಜ್ಞಾನ. ಕೋರ್ಟಿನ ಹಿಂದಿನ ಓಣಿಯಲ್ಲಿ ಒಂದೇ ಮನೆ ಬಾಡಿಗೆ ಹಿಡಿದು ಅನೇಕ ವರ್ಷ ಕೂಡಿ ಇದ್ದೆವು. ಅವರದು ಶಿರಗುಪ್ಪಿಯ ಒಕ್ಕಲುತನದ ಜೈನ ಮನೆತನ. ತಂದೆ ಇರಲಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತಾಯಿಯನ್ನು ನೋಡಲು ಊರಿಗೆ ಹೋಗುತ್ತಿದ್ದರು. ಅವರ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಬಾಯಾರು ಎನ್ನುತ್ತಾರೆ; ಹುಡುಗಿಯರಿಗೂ ಊರಿಗೂ ಅವರು ವಿಜ್ಞಾನದ ಬಾಯಾರು.

ಗಿಡ್ಡ ಆಳು. ದಪ್ಪ ಕನ್ನಡಕ. ಸಿಟ್ಟು ಬಂದರೆ ಬೇರೆಯವರ ದನಿ ಏರುತ್ತದೆ, ಬಾಯಾರ ದನಿ ಇಳಿಯುತ್ತಿತ್ತು. ದನಿ ಇಳಿದು, ಕನ್ನಡಕ ತೆಗೆದು ಸೆರಗಿನಿಂದ ಒರೆಸಲು ಶುರು ಮಾಡಿದರೆಂದರೆ ಎದುರಿಗಿದ್ದವರಿಗೆ ಕೇಡುಗಾಲ ಬಂತೆಂದೇ ಲೆಕ್ಕ.

ಸಂತೆಯಲ್ಲಿ ಒಬ್ಬ ಬದನೆಕಾಯಿಯವನು ಒಮ್ಮೆ ಹುಳುಕು ಕಾಯಿಗಳನ್ನು ಕೆಳಗೆ ಹಾಕಿ ತೂಗಿ ಕೊಟ್ಟಿದ್ದ. ಕೇಳಲು ಹೋದರೆ, "ಬಾಯಾರ, ನಾ ಏನ್ ಕಾಯಿ ಒಳಗ ಹೊಕ್ಕು ನೋಡ್ಲೇನು?" ಎಂದು ನಕ್ಕ. ಬಾಯಾರು ಸುಮ್ಮನೆ ಬಂದರು. ಮುಂದಿನ ಗುರುವಾರ ಮನೆಯಿಂದ ಈಳಿಗೆಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಅವನ ಬುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬಂದ ಗಿರಾಕಿಗಳಿಗೆಲ್ಲ, "ಬರ್ರಿ, ಕೊಯ್ದು ತೋರಸ್ತೀನಿ, ನೋಡಿ ತಗೋರಿ," ಎಂದು ಬಹಳ ಮರ್ಯಾದೆಯಿಂದ ಹೇಳುತ್ತ ಸಂತೆ ಮುಗಿಯುವ ತನಕ ಏಳಲಿಲ್ಲ. ಅವನು ಕೈ ಮುಗಿದ. ಅದರ ಮುಂದಿನ ಸಂತೆಗೂ ಹೋದರು.

ನಿಪ್ಪಾಣಿಯ ಬಸ್ಸಿನ ಒಬ್ಬ ಕಂಡಕ್ಟರನ ಕಥೆಯೂ ಹಾಗೆಯೇ. ಮಳೆಯಲ್ಲಿ ಕೈ ಮಾಡಿದರೂ ನಿಲ್ಲಿಸದೆ, "ನಿಂತಲ್ಲೆ ನಿಂದರಸಾಕ ಇದು ಟಾಂಗಾ ಅಲ್ರಿ ಬಾಯಿ" ಎಂದು ಕಿಟಕಿಯಿಂದ ಕೂಗಿ ಹೋಗಿದ್ದ. ಎರಡು ವರ್ಷದ ಮೇಲೆ ಅವನ ಮಗಳು ಬಾಯಾರ ವರ್ಗಕ್ಕೆ ಬಂದಳು. ಪಾಲಕರ ಸಭೆಯ ದಿನ ಅವನನ್ನು ಗುರುತು ಹಿಡಿದು ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದರು. ಅವನು ಡ್ಯೂಟಿಗೆ ಹೊತ್ತಾಯಿತೆಂದು ಚಡಪಡಿಸಿದಾಗ, "ತಡೀರಿ. ಇದು ಟಾಂಗಾ ಅಲ್ಲ," ಎಂದರು. ಆದರೆ ಆ ಹುಡುಗಿಗೆ ಸಂಜೆ ಮನೆಗೆ ಕರೆದು ಪಾಠ ಹೇಳಿದ್ದನ್ನು ನಾನು ಕಂಡಿದ್ದೇನೆ. ಅಪ್ಪನ ಲೆಕ್ಕ ಅಪ್ಪನಿಗೆ, ಮಗಳ ಲೆಕ್ಕ ಮಗಳಿಗೆ. ಅದರಲ್ಲಿ ಅವರು ಎಂದೂ ತಪ್ಪಲಿಲ್ಲ.

"ಇಷ್ಟ ಸಣ್ಣ ಮಾತು ಬಿಟ್ಟುಬಿಡಬಾರದೇನ್ರಿ?" ಎಂದು ನಾನು ಕೇಳುತ್ತಿದ್ದೆ.

"ಸಣ್ಣವು ಬಿಟ್ರ ದೊಡ್ಡವು ಹಿಡಿಯೂ ರೂಢಿ ತಪ್ಪತೈತ್ರಿ," ಎನ್ನುತ್ತಿದ್ದರು.

ಆಗ ಇದು ನಮಗೆ ನಗೆಯ ಮಾತಾಗಿತ್ತು.

ಬಾಯಾರಿಗೆ ಒಬ್ಬ ತಮ್ಮನಿದ್ದ. ವಯಸ್ಸಿನಲ್ಲಿ ಬಹಳ ಚಿಕ್ಕವನು, ತಮ್ಮನಿಗಿಂತ ಮಗನೇ ಹೆಚ್ಚು. ಧಾರವಾಡದಲ್ಲಿ ಭೂಗರ್ಭಶಾಸ್ತ್ರ ಓದಿದ. ತೊಂಬತ್ತರ ಹೊತ್ತಿಗೆ ಕೊಂಕಣದ ಗುಡ್ಡಗಳಲ್ಲಿ ಹೊಸ ರೈಲು ಹಾದಿಗಾಗಿ ಸುರಂಗ ಕೊರೆಯುವ ಕೆಲಸ ನಡೆದಿತ್ತು. ಅದರಲ್ಲಿ ಒಂದು ಸುರಂಗದ ಒಳಗುತ್ತಿಗೆ ರಾಯಬಾಗದ ಸಾಹುಕಾರನೊಬ್ಬನಿಗೆ ಸಿಕ್ಕಿತ್ತು. ನಮ್ಮ ಕಡೆಯ ಬಾವಿ ತೋಡುವವರನ್ನೂ ಮದ್ದು ಹಾರಿಸುವವರನ್ನೂ ಅವನು ಲಾರಿ ತುಂಬ ಒಯ್ದಿದ್ದ. ಕಲ್ಲಿನ ಗುಣ ನೋಡಿ ಎಲ್ಲಿ ಆಸರೆ ಬೇಕು, ಎಲ್ಲಿ ಬೇಡ ಎಂದು ಹೇಳುವ ಕೆಲಸಕ್ಕೆ ಈ ಹುಡುಗನನ್ನು ಇಟ್ಟುಕೊಂಡ.

ಅವನು ರಜೆಗೆ ಬಂದನೆಂದರೆ ನಮ್ಮ ಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಟ್ರಂಕಿನ ತುಂಬ ಸುರಂಗದ ಕಲ್ಲು. ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿರುತ್ತಿದ್ದ. ಬಿಚ್ಚುವಾಗ ಬಾಣಂತಿಯ ಕೈಯಿಂದ ಕೂಸನ್ನು ಎತ್ತಿಕೊಂಡಂತೆ ಎತ್ತುತ್ತಿದ್ದ. ಹೊರಗಿನಿಂದ ಕರಿಕಲ್ಲು, ಒಳಗೆ ನೋಡಿದರೆ ಗುಲಾಬಿ ಬಣ್ಣದ ಬೀಸಣಿಗೆ, ಹತ್ತಿಯ ಎಳೆಯಂಥ ಬಿಳಿ ಸೂಜಿ, ನೀರಿನಂತೆ ತಿಳಿಯಾದ ಹರಳು.

"ಅಕ್ಕಾ, ಪಾವ್ ಮುರದಾಗ ಒಳಗ ತೂತು ಇರತಾವಲ್ಲ, ಹಂಗ. ಬೆಂಕಿ ಕಲ್ಲು ಆರೂ ಮುಂದ ಒಳಗ ಗಾಳಿ ಸಿಕ್ಕೊಂಡು ಪೊಳ್ಳು ಉಳೀತು. ಆಮ್ಯಾಗ ನೀರು ಹೊಕ್ಕು, ಲಕ್ಷಾಂತರ ವರ್ಷ ಕೂತು ಇದನ್ನ ಕಟ್ಯಾವ. ನಾವು ಒಂದ ಮದ್ದಿನಾಗ ಹಾರಸಾಕತ್ತೀವಿ."

"ಪೊಳ್ಳು ಇದ್ದಲ್ಲಿ ಸುರಂಗ ಗಟ್ಟಿ ಇರತೈತೇನೋ?" ಎಂದು ಬಾಯಾರು ಕೇಳಿದರು. ಅವರು ಕೇಳುವುದೇ ಹಾಗೆ, ನೇರ.

"ಇರಂಗಿಲ್ಲ. ಅದಕ್ಕ ನಾ ಇದ್ದೀನಿ," ಎಂದು ನಕ್ಕ.

ಒಂದು ಬೇಸಿಗೆ ರಜೆಗೆ ಅವನ ಹೆಣ ಬಂತು. ಸಾಹುಕಾರ ಬರಲಿಲ್ಲ, ಮ್ಯಾನೇಜರನನ್ನು ಕಳಿಸಿದ್ದ. ನಾನೂ ಶಿರಗುಪ್ಪಿಗೆ ಹೋಗಿದ್ದೆ. ಮ್ಯಾನೇಜರ ಒಂದು ಬಟ್ಟೆಯ ಗಂಟು ತಂದು ತಾಯಿಯ ಮುಂದೆ ಇಟ್ಟ. ಗಂಟಿನಲ್ಲಿ ಹಸಿರು ಹರಳಿನ ಚೂರುಗಳು.

"ಇವು ಹಿಂಗ ಗಂಟು ಕಟ್ಟಿದ್ದು ಅವನ ಅಂಗಿ ಒಳಗ ಸಿಕ್ಕಾವ್ರಿ. ಪಾಳಿ ಬದಲಾಗೂ ಹೊತ್ತಿನಾಗ ಯಾರಿಗೂ ಹೇಳದ ಕಳವು ಮಾಡಾಕ ಸುರಂಗದಾಗ ಸಿಕ್ಕ ಹರಳಿನ ಗವಿ ಒಳಗ ಹೋಗ್ಯಾನ. ಸಂಗಾಟ ಒಬ್ಬ ಕೂಲಿಯವನ್ನೂ ಕರಕೊಂಡ ಹೋಗ್ಯಾನ. ಸುರಂಗದ ನೆತ್ತಿ ಕುಸದೈತಿ. ಏನ್ ಮಾಡೂದ್ರಿ, ಹುಡುಗ ಆಸೆ ಪಟ್ಟ."

ತಾಯಿಗೆ ಆ ಮಾತು ಅರ್ಥವಾಗಲು ಹೊತ್ತು ಹಿಡಿಯಿತು. ಬಾಯಾರು ಅಳುತ್ತಿರಲಿಲ್ಲ. ಗಂಟಿನಿಂದ ಒಂದು ಚೂರು ಎತ್ತಿ ತುದಿಯನ್ನು ಹೆಬ್ಬೆರಳಿನಿಂದ ಸವರಿದರು. ಇನ್ನೊಂದು ಎತ್ತಿದರು. ಎಲ್ಲದರ ತುದಿಯೂ ಮುರಿದಿತ್ತು, ಒಂದಕ್ಕೊಂದು ಬಡಿದು ಪುಡಿಯಾಗಿತ್ತು. ಕನ್ನಡಕ ತೆಗೆದು ಒರೆಸಿದರು. ನಂತರ ಮ್ಯಾನೇಜರನಿಗೆ ಮಾತ್ರ ಕೇಳುವಂತೆ ಹೇಳಿದರು, "ಇವನ್ನ ನನ್ನ ತಮ್ಮ ಮುಟ್ಟಿಲ್ಲ. ಅಂವ ಹರಳು ಹಿಂಗ ಗಂಟು ಕಟ್ಟಾಂವಲ್ಲ. ಯಾರು ಕಟ್ಯಾರೋ ಅವರಿಗೆ ಹೋಗಿ ಹೇಳು, ಅಕ್ಕ ನೋಡ್ಯಾಳ ಅಂತ."

ಅವನು ಹೇಳಿದನೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದರೂ ಸಾಹುಕಾರ ನಕ್ಕು ಮರೆತಿರಬೇಕು. ವಿಚಾರಣೆ ನಡೆಯಿತು. ಸಾಹುಕಾರ ತಾನು ಆ ಗವಿಯನ್ನು ಕಣ್ಣಿಂದಲೂ ಕಂಡಿಲ್ಲ, ಒಂದು ಕಲ್ಲನ್ನೂ ತೆಗೆದಿಲ್ಲ ಎಂದ. ತಪ್ಪು ಸತ್ತವನ ತಲೆಗೆ ಬಂತು. ಊರಲ್ಲಿ ಜನ ಎದುರಿಗೆ ಏನೂ ಅನ್ನಲಿಲ್ಲ. ಆದರೆ ಬಸದಿಯ ಬಾಗಿಲಲ್ಲಿ ಒಬ್ಬಳು ತಾಯಿಯನ್ನು ಕೇಳಿದಳಂತೆ, "ವಜ್ರದ ಕಲ್ಲು ಇದ್ವಂತಲ್ಲ, ಮನ್ಯಾಗ ಇನ್ನೂ ಎಷ್ಟ ಅದಾವಬೇ?" ಅಂದಿನಿಂದ ಆ ಮುದುಕಿ ಬಸದಿಗೆ ಹೋಗುವುದು ಬಿಟ್ಟಳು. ಬಾಯಾರು ಇದನ್ನು ನನಗೆ ಹೇಳುವಾಗ ದನಿ ಎಷ್ಟು ಇಳಿದಿತ್ತೆಂದರೆ ನಾನು ಬಗ್ಗಿ ಕೇಳಬೇಕಾಯಿತು.

ನಿಜ ತಿಳಿಯಲು ಒಂದು ವರ್ಷದ ಮೇಲಾಯಿತು. ಕಬ್ಬೂರಿನ ಕೂಲಿಯವನೊಬ್ಬ ಅದೇ ಸುರಂಗದಲ್ಲಿ ಕಾಲು ಮುರಿದುಕೊಂಡು ಬಂದಿದ್ದಾನೆಂದು ಅವನ ಓಣಿಯ ಹುಡುಗಿಯೊಬ್ಬಳು ವರ್ಗದಲ್ಲಿ ಹೇಳಿದಳು. ಅದೇ ರವಿವಾರ ಬಾಯಾರು ನನ್ನನ್ನು ಕರೆದುಕೊಂಡು ಕಬ್ಬೂರಿಗೆ ಹೋದರು. ಅವನು ಹೊರಸಿನ ಮೇಲೆ ಕೂತಿದ್ದ. ಬಾಯಾರು ಯಾರೆಂದು ತಿಳಿದೊಡನೆ ಮುಖ ಮುಚ್ಚಿಕೊಂಡ. ಬಾಯಾರು ನೆಲದ ಮೇಲೆ ಕೂತು, "ಹೇಳು," ಎಂದರು.

ಹೇಳಿದ. ಮದ್ದು ಹಾರಿಸಿದ ಮೇಲೆ ಸುರಂಗದ ನೆತ್ತಿಯಲ್ಲಿ ದೊಡ್ಡ ಗವಿ ಬಾಯಿ ಬಿಟ್ಟಿತ್ತು. ಒಳಗೆಲ್ಲ ಹಸಿರು ಹರಳು. ಮುಂಬಯಿಯ ವ್ಯಾಪಾರಿಗಳಿಗೆ ಅದರ ಬೆಲೆ ಏನೆಂದು ಸಾಹುಕಾರನಿಗೆ ಗೊತ್ತಿತ್ತು. ರೈಲ್ವೆಯ ಸಾಹೇಬರು ಬರುವ ಮೊದಲು ತೆಗೆಯಿರಿ ಎಂದು ಹುಕುಂ ಮಾಡಿದ. ಒಂದು ಸರದಿ ತೆಗೆದದ್ದೂ ಆಯಿತು. ಅಷ್ಟರಲ್ಲಿ ಹುಡುಗ ಬಂದು ಬಿರುಕು ನೋಡಿ ಅಡ್ಡ ನಿಂತ.

"ಎರಡೂ ಕೈ ಚಾಚಿ ನಿಂತಿದ್ದ್ರಿ ಬಾಯಾರ. ಆಸರಾ ಕೊಡೂ ತನಕಾ ಯಾರೂ ಹತ್ತಬ್ಯಾಡ್ರಿ, ನೆತ್ತಿ ಬರತೈತಿ ಅಂತ ಚೀರಿದಾ. ಸಾವ್ಕಾರ ಕಪಾಳಕ್ಕ ಬಡದು ಬಾಜೂಕ ನೂಕಿದಾ. ನಾನೂ, ಬಿಜಾಪುರ ಕಡೆಯಾಂವ ಒಬ್ಬಾಂವೂ ಹತ್ತಿದ್ವಿ. ಕಲ್ಲು ಕಟ್ ಕಟ್ ಅಂತು. ಹುಡುಗ ಓಡಿ ಬಂದು ನನ್ನ ಎಳದು ಒಗದಾ. ಬಿಜಾಪುರದಾಂವನ್ನ ಎಳ್ಯಾಕ ಮತ್ತ ಹೋದಾ. ಮುಗೀತು."

"ಮತ್ತ ವಿಚಾರಣಿದಾಗ ಯಾಕ ಸುಮ್ಮನಿದ್ದಿ?"

"ನನ್ನ ಅಣ್ಣತಮ್ಮರೆಲ್ಲ ಅವನ ಕೈಯಾಗ ದುಡಿತಾರ್ರಿ."

ನಾನಾಗಿದ್ದರೆ ಅವನ ಮುರಿದ ಕಾಲು ನೋಡಿ ಕರಗುತ್ತಿದ್ದೆ. ಬಾಯಾರು ಎದ್ದು ನಿಂತು ಸೀರೆಯ ಮಣ್ಣು ಕೊಡವಿದರು. "ನೀ ಉಸರಾಡೂದು ನನ್ನ ತಮ್ಮನ ಉಸಿರು. ನಾ ಕರದ ದಿನಾ ಬಂದು ಇದನ್ನ ಹೇಳಬೇಕು. ಬರಲಿಲ್ಲಂದ್ರ ನನಗ ನಿಮ್ಮ ಸಾವ್ಕಾರನೂ ಒಂದ, ನೀನೂ ಒಂದ." ಹೊರಡುವಾಗ ಅವನೇ ಹಿಂದಿನಿಂದ ಹೇಳಿದ, "ಆ ಹರಳು ಸಾವ್ಕಾರನ ಮನ್ಯಾಗ ಗಾಜಿನ ಕಪಾಟಿನಾಗ ಅದಾವ್ರಿ. ಬಂದವರಿಗೆಲ್ಲ ತೋರಿಸಿ ತನ್ನ ಧೈರ್ಯದ ಕಥಿ ಹೇಳಕೋತ ಕೂಡ್ತಾನ."

ಬಸ್ಸಿನಲ್ಲಿ ಬಾಯಾರು ಬಹಳ ಹೊತ್ತು ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡುತ್ತಿದ್ದರು. "ಪೊಲೀಸರಿಗೆ ಹೇಳೋಣೇನ್ರಿ?" ಎಂದೆ.

"ಅವರಿಗೆ ನಾ ಹೇಳಿದ್ರ ಏನೂ ಆಗಂಗಿಲ್ಲ. ಅಂವ ತಾನ ಹೇಳಬೇಕು. ಮಂದಿ ನಡುವ ಹೇಳಬೇಕು. ಹೇಳಾಕ ಅವನಿಗೆ ಚಟಾ ಐತಿ."

ಅದಾದ ಮೇಲೆ ಅವರು ಕಾದರು. ಆ ಕಾಯುವಿಕೆಯನ್ನು ಹತ್ತಿರದಿಂದ ನೋಡಿದವಳು ನಾನೊಬ್ಬಳೇ. ಶಾಲೆಯಲ್ಲಿ ಎಂದಿನಂತೆ ಪಾಠ, ಮನೆಯಲ್ಲಿ ಎಂದಿನಂತೆ ಅಡಿಗೆ. ನಡುವೆ ಒಮ್ಮೊಮ್ಮೆ ಪಲ್ಯ ಹೆಚ್ಚುತ್ತ, "ಆ ಸಾವ್ಕಾರ ಈಗ ಉಣ್ಣಾಕತ್ತಿರಬೇಕು," ಎನ್ನುವರು. "ಮರೀರಿ, ನಿಮ್ಮ ಜೀವಕ್ಕ ಒಳ್ಳೇದಲ್ಲ," ಎಂದು ಒಮ್ಮೆ ಹೇಳಿದ್ದಕ್ಕೆ, "ಮರತ್ರ ನನ್ನ ತಮ್ಮ ಕಳ್ಳ ಆಗಿ ಉಳೀತಾನ. ನನ್ನ ಜೀವಾ ತಗೊಂಡು ಏನ್ ಮಾಡ್ಲಿ?" ಎಂದರು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಶಾಲೆಗೆ ಹೊಸ ಮುಖ್ಯೋಪಾಧ್ಯಾಯಿನಿ ಬಂದರು. ದೊಡ್ಡ ವಿಜ್ಞಾನ ಪ್ರದರ್ಶನ ಮಾಡಬೇಕೆಂದರು. ಬಾಯಾರು ಮೆಲ್ಲಗೆ, "ನಮ್ಮ ಭಾಗದ ಸಾಹುಕಾರರೊಬ್ಬರು ರೈಲು ಸುರಂಗ ಕೊರದಾರ್ರಿ. ಅವರ ಹತ್ರ ಅಪರೂಪದ ಹರಳು ಅದಾವ. ಮುಖ್ಯ ಅತಿಥಿ ಅಂತ ಕರದ್ರ ಹುಡುಗ್ಯಾರಿಗೆ ನೋಡಾಕ ಸಿಗತಾವು," ಎಂದು ಸೂಚಿಸಿದರು. ಸಾಹುಕಾರ ಆಗ ಚುನಾವಣೆಗೆ ನಿಲ್ಲುವ ತಯಾರಿಯಲ್ಲಿದ್ದ. ಕರೆದದ್ದೇ ತಡ, ಒಪ್ಪಿದ. ಅವನು ಬಾಯಾರನ್ನು ಎಂದೂ ಕಂಡವನಲ್ಲ.

ಆ ದಿನ ಬಾಯಾರು ಇಳಕಲ್ಲ ಸೀರೆ ಉಟ್ಟಿದ್ದರು. ಸಾಹುಕಾರ ಜೀಪಿನಿಂದ ಇಳಿದಾಗ ತಾವೇ ಹಾರ ಹಾಕಿದರು. ಇಬ್ಬರು ಆಳುಗಳು ಹತ್ತಿ ತುಂಬಿದ ಪೆಟ್ಟಿಗೆ ಇಳಿಸಿದರು. ಮೇಜಿನ ಮೇಲೆ ಅದನ್ನು ಬಿಚ್ಚಿದಾಗ ಹುಡುಗಿಯರೆಲ್ಲ ಒಮ್ಮೆಲೇ ಉಸಿರೆಳೆದರು. ತೊಗರಿ ಎಲೆಯ ಎಳೆ ಹಸಿರು, ಚೌಕಾಕಾರದ ಹರಳುಗಳು ಒಂದರ ಮಗ್ಗುಲಿಗೆ ಒಂದು ಎದ್ದು ನಿಂತಿದ್ದವು. ಅಷ್ಟು ಚೆಂದದ್ದನ್ನು ನೋಡಲಾರದೆ ನಾನು ಕಿಟಕಿಯ ಕಡೆ ತಿರುಗಿದೆ. ಸಭಾಗೃಹದಲ್ಲಿ ಪಾಲಕರು, ವಕೀಲರು, ತಾಲೂಕಿನ ಅಧಿಕಾರಿಗಳು, ಬೆಳಗಾವಿಯ ಪತ್ರಿಕೆಯ ವರದಿಗಾರ, ಎಲ್ಲ ಸುತ್ತುಗಟ್ಟಿದರು. ಹಿಂದಿನ ಬಾಗಿಲ ಹತ್ತಿರ ಕಬ್ಬೂರಿನವನು ಕೋಲು ಊರಿ ನಿಂತಿದ್ದ.

"ಸಾಹೇಬ್ರ, ಹುಡುಗ್ಯಾರಿಗೆ ಸ್ವಲ್ಪ ತಿಳಿಸಿ ಹೇಳ್ರಿ. ಇದು ಸುರಂಗದಾಗ ಎಲ್ಲಿ ಸಿಕ್ತು?" ಎಂದು ಬಾಯಾರು ಶುರು ಮಾಡಿದರು.

"ಕಾಯ್ ಸಾಂಗೂ ಬಾಯಿ, ಏನಂತ ಹೇಳ್ಲಿ! ನೆತ್ತಿ ಮ್ಯಾಲ. ಮದ್ದಿನ ಹೊಗಿ ಹೋದಮ್ಯಾಲೆ ಬ್ಯಾಟರಿ ಬಿಟ್ಟು ನೋಡ್ತೀನಿ, ಒಂದ ಖೋಲಿಯಷ್ಟ ದೊಡ್ಡ ಗವಿ. ಒಳಗ ಪೂರಾ ಹಸರ."

"ಅಷ್ಟ ಎತ್ತರಕ್ಕ ಹತ್ತಿ ಯಾರು ತಗದ್ರು?"

"ಕೂಲಿಯವ್ರು ಅಂಜಿದ್ರು. ನಾನ ಬುಡಕ ನಿಂತು ಹತ್ತಿಸಿ ತಗಸಿದ್ನಿ. ನಾ ಇರಲಿಲ್ಲಂದ್ರ ಇದೆಲ್ಲಾ ಮಣ್ಣಾಗ ಹೋಗತಿತ್ತು."

"ಕಲ್ಲು ಬಿರುಕು ಬಿಟ್ಟಿರಬೇಕಲ್ರಿ. ಯಾರೂ ಬ್ಯಾಡ ಅನ್ನಲಿಲ್ಲೇನು?"

"ಅಂದಾ ಒಬ್ಬ ಪೋರ. ಪುಸ್ತಕಾ ಓದಿದಾಂವ. ಆಸರಾ ಕೊಟ್ಟು ಹತ್ತೂಣು ಅಂತ ಅಡ್ಡ ನಿಂತಾ. ಆಸರಾ ಕೊಡೂದ್ರಾಗ ರೈಲ್ವೇದವ್ರು ಬಂದು ಒಯ್ತಿದ್ರು! ಬಾಜೂ ಹೋ ಅಂದ್ನಿ." ಸಾಹುಕಾರ ನಕ್ಕ. ಒಂದಿಬ್ಬರು ಜೊತೆಗೆ ನಕ್ಕರು.

ಬಾಯಾರು ಕನ್ನಡಕ ತೆಗೆದರು. "ಆ ಪೋರ ಈಗ ಎಲ್ಲಿ ಅದಾನ್ರಿ?"

ಸಾಹುಕಾರ ಆಗ ಮೊದಲ ಸಲ ಅವರ ಮುಖವನ್ನು ಸರಿಯಾಗಿ ನೋಡಿದ. ಕಬ್ಬೂರಿನವನ ಕೋಲಿನ ಸದ್ದು ಜನರ ನಡುವಿನಿಂದ ಮುಂದೆ ಬಂತು. "ನನ್ನ ಹೊರಗ ಒಗದು ತಾ ಒಳಗ ಉಳದಾನ್ರಿ ಬಾಯಾರ," ಎಂದ. ಕಪಾಳಕ್ಕೆ ಹೊಡೆದದ್ದು, ನೂಕಿದ್ದು, ಕುಸಿದದ್ದು, ಆಮೇಲೆ ಮ್ಯಾನೇಜರ ಚೂರುಗಳನ್ನು ಆರಿಸಿ ಗಂಟು ಕಟ್ಟಿದ್ದು, ಎಲ್ಲ ಹೇಳಿದ.

"ಅಂವ ನನ್ನ ತಮ್ಮ," ಎಂದರು ಬಾಯಾರು. "ನೀವು ಗವಿ ಕಂಡಿಲ್ಲ ಅಂತ ವಿಚಾರಣಿದಾಗ ಹೇಳೀರಿ. ನನ್ನ ತಮ್ಮ ಕಳ್ಳ ಅಂತ ಬರಿಸೀರಿ. ಇವತ್ತ ಇಷ್ಟ ಮಂದಿ ಕೇಳ್ಯಾರ."

ಸಾಹುಕಾರನ ಮುಖದ ಮೇಲೆ ಬೆವರು ಒಡೆಯಿತು. "ಹೇ ಕಾಯ್ ನಾಟಕ ಆಹೇ! ಏನಿದು ನಾಟಕ!" ಎಂದು ಗದರಿದ, ಹಾರ ಕಿತ್ತು ಬಿಸಾಕಿ ಬಾಗಿಲ ಕಡೆ ನಡೆದ. ಆಳುಗಳು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. "ಕಲ್ಲು ಒಯ್ಯಿರಿ," ಎಂದರು ಬಾಯಾರು. "ನಮಗ ಬೇಕಾದ್ದು ಸಿಕ್ಕೈತಿ." ನಾನು ಜೀವನದಲ್ಲಿ ಅನೇಕ ಹಬ್ಬ ಮಾಡಿದ್ದೇನೆ. ಆ ದಿನ ಅವನ ಬೆನ್ನು ನೋಡಿದಾಗ ಆದಷ್ಟು ಸಂತೋಷ ಯಾವ ಹಬ್ಬದಲ್ಲೂ ಆಗಿಲ್ಲ. ಹೇಳಲು ನನಗೆ ನಾಚಿಕೆಯೂ ಇಲ್ಲ.

ಪತ್ರಿಕೆಯಲ್ಲಿ ಸುದ್ದಿ ಬಂತು. ವಿಚಾರಣೆ ಮತ್ತೆ ತೆರೆಯಿತು. ಒಬ್ಬ ಬಾಯಿ ಬಿಟ್ಟದ್ದನ್ನು ಕಂಡು ಉಳಿದ ಕೂಲಿಗಳೂ ಬಾಯಿ ಬಿಟ್ಟರು. ಸಾಹುಕಾರನಿಗೆ ಕೆಲಸ ಕೊಡುವವರು ಇಲ್ಲವಾದರು, ಪಾಲುದಾರರು ಕೈ ತೊಳೆದುಕೊಂಡರು, ಚುನಾವಣೆಯಲ್ಲಿ ಠೇವಣಿ ಹೋಯಿತು. ಹುಡುಗ ಕಳ್ಳನಲ್ಲ ಎಂಬುದು ಕಾಗದದ ಮೇಲೂ ಬಂತು. ಅತಿಥಿಗೆ ಅವಮಾನ ಮಾಡಿದರೆಂದು ಆಡಳಿತ ಮಂಡಳಿ ಬಾಯಾರನ್ನು ಅಥಣಿ ಆಚೆಯ ಹಳ್ಳಿಯ ಶಾಖೆಗೆ ಹಾಕಿತು. ದಿನಾ ಬಸ್ಸು ಬದಲಿಸಿ ಹೋಗಬೇಕು. "ಅಗ್ಗಕ್ಕ ಆತ್ರಿ," ಎಂದರು, ಅಷ್ಟೇ.

ನನಗೆ ಅಲ್ಲಿಗೆ ಮುಗಿಯಿತು ಅನಿಸಿತ್ತು.

ಸುರಂಗದಲ್ಲಿ ರೈಲು ಓಡತೊಡಗಿದ ಮೇಲೆ ಒಂದು ವರ್ಷ, ಭಾದ್ರಪದದ ವ್ರತ ಮುಗಿದು ಕ್ಷಮಾವಾಣಿಯ ದಿನ ನಾನು ಶಿರಗುಪ್ಪಿಯಲ್ಲಿದ್ದೆ. ಅಂದು ಜೈನರ ಮನೆಗಳಲ್ಲಿ ಒಬ್ಬರಿಗೊಬ್ಬರು ಕೈ ಮುಗಿದು ಕ್ಷಮೆ ಕೇಳುತ್ತಾರೆ, ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ. ಇದನ್ನು ಯಾರೋ ಸಾಹುಕಾರನಿಗೆ ಹೇಳಿಕೊಟ್ಟಿದ್ದರು. ಹೆಂಡತಿಯೊಡನೆ, ದ್ರಾಕ್ಷಿಯ ಬುಟ್ಟಿಯೊಡನೆ ಬಂದ. ಸಕ್ಕರೆ ಕಾಯಿಲೆ ಅವನನ್ನು ಅರ್ಧ ಮಾಡಿತ್ತು. ಪಡಸಾಲೆಯಲ್ಲಿ ಕೂತಿದ್ದ ಮುದುಕಿಯ ಮುಂದೆ ಕೈ ಮುಗಿದು, "ತಪ್ಪಾಗೈತಿ ತಾಯಿ," ಎಂದು ಗೊಣಗಿದ.

"ಅವ್ವಗ ಕಿವಿ ಮಂದ ಆಗೈತಿ. ಜೋರಾಗಿ ಹೇಳ್ರಿ. ಏನು ತಪ್ಪಾಗೈತಿ ಅನ್ನೂದೂ ಹೇಳ್ರಿ," ಎಂದರು ಬಾಯಾರು.

ಅವನು ಜೋರಾಗಿ ಹೇಳಿದ. ಮುದುಕಿ ಕಿವಿಯ ಹಿಂದೆ ಕೈ ಇಟ್ಟು, "ಆಂ?" ಎಂದಳು. ಬಸದಿಯಿಂದ ಬರುತ್ತಿದ್ದವರು ಬಾಗಿಲಲ್ಲಿ ನಿಂತರು. ಅವನು ಚೀರಿದ, "ನಿಮ್ಮ ಮಗಾ ಕಳ್ಳ ಅಲ್ಲ! ಕಲ್ಲಿಗೆ ಮಂದೀನ ಹತ್ತಿಸಿದಾಂವ ನಾನು! ನಿಮ್ಮ ಮಗಾ ತಡದಿದ್ದ! ನಾನ ಕಳ್ಳ!" ಕೊನೆಯ ಮಾತಿಗೆ ದನಿ ಒಡೆಯಿತು. ಓಣಿ ತುಂಬಿತ್ತು. ಅಂದು ಬಸದಿಯ ಬಾಗಿಲಲ್ಲಿ ಚುಚ್ಚಿದ್ದ ಹೆಂಗಸೂ ಅಲ್ಲಿದ್ದಳು, ಬಾಯಾರು ಅವಳನ್ನೇ ನೋಡುತ್ತಿದ್ದರು.

ಮುದುಕಿ ತಲೆಯಾಡಿಸಿ, "ಆತಪ್ಪ, ನಾ ಕ್ಷಮಾ ಮಾಡೀನಿ," ಎಂದಳು. ಸಾಹುಕಾರ ಬಾಯಾರ ಕಡೆ ತಿರುಗಿ ಕೈ ಮುಗಿದ.

"ಅವ್ವ ಮಾಡ್ಯಾಳ. ನನಗ ಇನ್ನೂ ಆಗವಲ್ತು. ಮುಂದಿನ ವರ್ಷ ಬರ್ರಿ," ಎಂದರು ಬಾಯಾರು, ಬಹಳ ಮರ್ಯಾದೆಯಿಂದ.

ಅವರು ಹೋದ ಮೇಲೆ ಮುದುಕಿ ಮಗಳನ್ನು ಹತ್ತಿರ ಕರೆದಳು. "ಮೊದಲನೇ ಸಲಕ್ಕ ಕೇಳಿಸಿತ್ತು," ಎಂದಳು. ತಾಯಿ ಮಗಳು ಇಬ್ಬರೂ ನಗುತ್ತ ಅಳುತ್ತ ಒಬ್ಬರ ಭುಜದ ಮೇಲೊಬ್ಬರು ತಲೆ ಇಟ್ಟರು. ಮಗ ಸತ್ತ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅಂದೇ.

ಮರುವರ್ಷವೂ ಸಾಹುಕಾರ ಬಂದ. ಆಗ ಕೋಲು ಹಿಡಿದಿದ್ದ, ಒಂದು ಪಾದ ಇರಲಿಲ್ಲ. ಬಾಯಾರು ಕುರ್ಚಿ ಹಾಕಿಸಿದರು, ನೀರು ಕೊಟ್ಟರು, ಆರೋಗ್ಯ ವಿಚಾರಿಸಿದರು. ಅವನು ಕೈ ಮುಗಿದಾಗ ಅದೇ ಮಾತು ಹೇಳಿದರು. ಮೂರನೆಯ ವರ್ಷ ಆ ದಿನ ಬರುವ ಮೊದಲೇ ಅವನು ಸತ್ತ ಸುದ್ದಿ ಬಂತು. ನಾನೇ ಹೋಗಿ ತಿಳಿಸಿದೆ. ಬಾಯಾರು ಅಕ್ಕಿ ಆರಿಸುತ್ತಿದ್ದರು. ಮೊರದ ಮೇಲೆ ಕೈ ನಿಂತಿತು.

"ಈ ಸಲ ಬಂದಿದ್ರ ಕ್ಷಮಾ ಮಾಡ್ತಿದ್ರೇನ್ರಿ?" ಎಂದು ಕೇಳಿದೆ.

ಅವರು ಒಂದು ಹರಳು ಆರಿಸಿ ಅಂಗಳಕ್ಕೆ ಒಗೆದರು.

"ಇಲ್ರಿ," ಎಂದರು. "ಇನ್ನೊಂದು ವರ್ಷ ಬದುಕು ಅಂತ ಕಳಸತಿದ್ದೆ."